ಎಡಗೈಯ ಭಾರ

ಶೈಲಜಮ್ಮನವರು ಎಂಟನೆಯ ವಯಸ್ಸಿಗೆ ಲಿಂಗದೀಕ್ಷೆ ಪಡೆದವರು. ಅಂದಿನಿಂದ ಅರವತ್ತೇಳರವರೆಗೆ ಒಂದು ದಿನವೂ ಇಷ್ಟಲಿಂಗ ಪೂಜೆ ತಪ್ಪಿಸಿದವರಲ್ಲ. ಪೂಜೆಗೆ ಮುಂಚೆ ಒಂದು ಗುಟುಕು ಕಾಫಿಯನ್ನೂ ಬಾಯಿಗೆ ಬಿಟ್ಟವರಲ್ಲ. ಮಗ ಕೈಲಾಸ್ ಹುಟ್ಟಿದ ಮರುದಿನವೂ, ಆಸ್ಪತ್ರೆಯ ಮಂಚದ ಮೇಲೆ ಕೂತೇ ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಪೂಜೆ ಮುಗಿಸಿದ್ದರು. ಆಮೇಲೆಯೇ ಬಾಣಂತಿಗೆ ಊಟ. ಹಠ ಅಂದರೆ ಅದು! ಚಾಮರಾಜಪೇಟೆಯ ಆ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ವಿಭೂತಿಯ ವಾಸನೆ ಬಂತೆಂದರೆ ಉಳಿದವರು ಗಡಿಯಾರ ನೋಡುತ್ತಿರಲಿಲ್ಲ.

ಯಜಮಾನರು ಪಂಚಾಕ್ಷರಯ್ಯ ಇದಕ್ಕೆ ತದ್ವಿರುದ್ಧ. ಅವರದೂ ಪೂಜೆಯೇ, ಆದರೆ ಎರಡು ನಿಮಿಷದ್ದು. ಲಿಂಗಕ್ಕೆ ನೀರು ಬಿತ್ತೋ ಇಲ್ಲವೋ, ಶರ್ಟಿನ ಗುಂಡಿ ಹಾಕುತ್ತಾ ಹೊರಗೆ ಬಂದಿರುತ್ತಿದ್ದರು. ಮಾಮೂಲ್‌ಪೇಟೆಯಲ್ಲಿ ಅವರ ತಾತನ ಕಾಲದ ಗ್ರಂದಿಗೆ ಅಂಗಡಿ: ವಿಭೂತಿ, ಅರಿಸಿನ, ಕುಂಕುಮ, ಓಮ, ಹಿಪ್ಪಲಿ, ಅಳಲೆಕಾಯಿ, ಬೇರುನಾರು. ಪೇಟೆಯಲ್ಲೆಲ್ಲ ಅವರ ಕೈತೂಕಕ್ಕೆ ಹೆಸರು. ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಓಮ ತೆಗೆದರೆ ಐವತ್ತು ಗ್ರಾಂ ಅಂದರೆ ಐವತ್ತೇ ಗ್ರಾಂ. ನಂಬದ ಗಿರಾಕಿಗಳು ತಕ್ಕಡಿಗೆ ಹಾಕಿಸಿ ನೋಡಿ ಪೆಚ್ಚಾಗುತ್ತಿದ್ದರು. ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಬೆಲೆ ಇರಲಿಲ್ಲ. ತರಕಾರಿ ಚೀಲ ಹಿಡಿದು ತೂಕ ಹೇಳುವ ಗಂಡಸು ಅದನ್ನು ಹೆಚ್ಚಿಕೊಡುವುದಿಲ್ಲವಲ್ಲ ಎನ್ನುವುದು ಶೈಲಜಮ್ಮನವರ ವಾದ.

ತೊಂಬತ್ತೊಂಬತ್ತನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಶೈಲಜಮ್ಮನವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎರಡೂ ಭುಜ, ಕತ್ತು, ಸೊಂಟ, ತೊಡೆ ಎಲ್ಲ ಹಿಡಿದುಕೊಂಡಿದ್ದವು. ಮಗ್ಗುಲಾಗಿ ಹೊರಳಿ, ಮಂಚದ ಅಂಚು ಹಿಡಿದು, ಕಾಲು ಕೆಳಗಿಳಿಸುವುದಕ್ಕೇ ಕಾಲು ಗಂಟೆ. ಜಡೆ ಹಾಕಿಕೊಳ್ಳಲು ಕೈ ಮೇಲೇಳದು. ಹನ್ನೊಂದು ಗಂಟೆಯ ಹೊತ್ತಿಗೆ ನೋವು ತಾನಾಗಿಯೇ ಸಡಿಲವಾಗಿ, ಮಧ್ಯಾಹ್ನಕ್ಕೆ ಚಪಾತಿ ಲಟ್ಟಿಸುವಷ್ಟಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಮಾಯಣ. ಎದುರು ಮನೆಯ ಅಂಜಮ್ಮ ಮಹಾನಾರಾಯಣ ತೈಲ ತಂದುಕೊಟ್ಟರು. ಮೂಳೆ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆಸಿ, ವಯಸ್ಸಾಯಿತಲ್ಲಮ್ಮ ಎಂದು ಸಮಾಧಾನ ಹೇಳಿ ಕಳಿಸಿದರು. ವಯಸ್ಸು ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುತ್ತದೆಯೇ ಎಂದು ಶೈಲಜಮ್ಮ ದಾರಿಯುದ್ದಕ್ಕೂ ಗೊಣಗಿದರು.

ಆ ತಿಂಗಳ ಕೊನೆಯಲ್ಲಿ ನಡೆದದ್ದನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಹಲ್ಲು ಕಚ್ಚಿ ಎಂದಿನಂತೆ ಆರೂವರೆಗೆ ಪೂಜೆಗೆ ಕೂತಿದ್ದರು. ಲಿಂಗ ಅಂಗೈಯಲ್ಲಿತ್ತು. ಕೈ ಎದೆಯ ಮಟ್ಟಕ್ಕೆ ಬಂದಿತ್ತು, ಇನ್ನೊಂದು ಗೇಣು ಎತ್ತಬೇಕು. ಭುಜದಲ್ಲಿ ಏನೋ ಚಳುಕು ಹೊಡೆದು ಕೈ ತಟ್ಟನೆ ಬಿದ್ದುಹೋಯಿತು. ಲಿಂಗ ಜಾರಿ ಮಡಿಲಿನ ಸೆರಗಿನಲ್ಲಿ ಬಂದು ನಿಂತಿತು. ನೆಲಕ್ಕೆ ಬೀಳಲಿಲ್ಲ, ನಿಜ. ಆದರೆ ಅಂಗೈಯಿಂದ ಲಿಂಗ ಜಾರುವುದಕ್ಕೂ ಪ್ರಾಣ ಜಾರುವುದಕ್ಕೂ ವ್ಯತ್ಯಾಸವಿಲ್ಲ ಎಂದು ಅವರ ತಾಯಿ ಹೇಳುತ್ತಿದ್ದ ಮಾತು ನೆನಪಾಗಿ, ಶೈಲಜಮ್ಮ ಆ ಮಣೆಯ ಮೇಲೆಯೇ ಕೂತು ಅತ್ತರು. ಅಂದಿನಿಂದ ಪೂಜೆಯ ಹೊತ್ತು ಬದಲಾಯಿತು. ಕೈ ಸಡಿಲವಾಗುವವರೆಗೂ ಕಾಯುವುದು, ಹನ್ನೊಂದೋ ಹನ್ನೆರಡೋ ಆದಾಗ ಪೂಜೆ. ಅಲ್ಲಿಯವರೆಗೆ ತೊಟ್ಟು ನೀರಿಲ್ಲ. ಮನೆಯವರು ಕೇಳಿದರೆ, ಈಗ ಹಸಿವೇ ಆಗುವುದಿಲ್ಲ ಎಂದುಬಿಡುತ್ತಿದ್ದರು.

ಕೊನೆಗೆ ಕೈಲಾಸ್ ಯಾರನ್ನೋ ವಿಚಾರಿಸಿ, ಬಸವನಗುಡಿಯಲ್ಲಿ ಕೀಲುನೋವು ನೋಡುವ ಡಾಕ್ಟರ್ ಮಹಾನಂದ ಅವರ ಹತ್ತಿರ ಕರೆದುಕೊಂಡು ಹೋದ. ಆ ಹೆಣ್ಣುಮಗಳು ಎಕ್ಸ್‌ರೇ ಕವರು ಬಿಚ್ಚುವ ಮುಂಚೆ ಕೇಳಿದ್ದು, ನೋವು ಎಷ್ಟು ಗಂಟೆಗೆ ಬಿಡುತ್ತದೆ ಎಂದು. ಶೈಲಜಮ್ಮನವರಿಗೆ ಅಲ್ಲಿಯೇ ಅರ್ಧ ಜೀವ ಬಂತು. ರಕ್ತಪರೀಕ್ಷೆಯಲ್ಲಿ ಇಪ್ಪತ್ತು ಮೂವತ್ತು ಇರಬೇಕಾದ ಇಎಸ್‌ಆರ್ ತೊಂಬತ್ತೆರಡು ಇತ್ತು. ಕಾಯಿಲೆಯ ಹೆಸರು ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಹೆಸರು ಕೇಳಿ ಪಂಚಾಕ್ಷರಯ್ಯನವರು, ಇದನ್ನು ಹೇಳುವಷ್ಟರಲ್ಲಿ ಮಧ್ಯಾಹ್ನವಾಗಿ ನೋವು ಹೋಗಿರುತ್ತದೆ ಎಂದರು. ದಿನಕ್ಕೆ ಹದಿನೈದು ಮಿಲಿಗ್ರಾಂ ಸ್ಟೀರಾಯ್ಡ್, ಬೆಳಿಗ್ಗೆ ಬೇಗ ತಿಂಡಿ ತಿಂದ ಮೇಲೆ. ಜೊತೆಗೆ ಕ್ಯಾಲ್ಸಿಯಂ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ತಾವಾಗಿಯೇ ನಿಲ್ಲಿಸಕೂಡದು. ಕಣತಲೆ ನೋವು ಬಂದರೆ, ಕಣ್ಣು ಮಂಜಾದರೆ ಅದೇ ದಿನ ಓಡಿ ಬರಬೇಕು. ಇಷ್ಟನ್ನೂ ಡಾಕ್ಟರು ಎರಡೆರಡು ಸಲ ಹೇಳಿದರು.

ಮೂರು ವಾರ ಬಿಟ್ಟು ಮತ್ತೆ ತೋರಿಸಲು ಹೋದಾಗ ಡಾಕ್ಟರಿಗೆ ಆಶ್ಚರ್ಯ. ಇಎಸ್‌ಆರ್ ಇಳಿದಿದೆ, ಸಂಜೆ ಹೊತ್ತು ಆರಾಮಂತೆ, ಬೆಳಿಗ್ಗೆ ಮಾತ್ರ ಇನ್ನೂ ಮೈ ಬಿಗಿತ, ರಾತ್ರಿ ನಿದ್ದೆಯಿಲ್ಲ. ಮಾತ್ರೆ ಹೆಚ್ಚಿಸುವ ಯೋಚನೆಯಲ್ಲಿದ್ದವರು ಏನೋ ಹೊಳೆದು, ಮಾತ್ರೆ ಎಷ್ಟೊತ್ತಿಗೆ ನುಂಗುತ್ತೀರಿ ಎಂದರು. ಶೈಲಜಮ್ಮನವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹನ್ನೆರಡಕ್ಕೆ, ಒಂದಕ್ಕೆ, ಸೋಮವಾರ ಉಪವಾಸವಾದ್ದರಿಂದ ಸಂಜೆ ಎಂದು ಒಪ್ಪಿಕೊಂಡರು. ಪೂಜೆಯಾಗದೆ ತಿಂಡಿಯಿಲ್ಲ, ತಿಂಡಿಯಿಲ್ಲದೆ ಮಾತ್ರೆಯಿಲ್ಲ, ಕೈ ಏಳದೆ ಪೂಜೆಯಿಲ್ಲ.

“ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ದೆ ಕೈ ಏಳಲ್ಲ ಅಮ್ಮಾ,” ಎಂದರು ಡಾಕ್ಟರು. “ಸ್ವಲ್ಪ ದಿನ ಮನೇಲಿ ಬೇರೆ ಯಾರಾದ್ರೂ ನಿಮ್ಮ ಪೂಜೆ ಮಾಡಬಹುದಲ್ವಾ?”

“ನನ್ನ ಊಟಾನ ಬೇರೆ ಯಾರಾದ್ರೂ ಮಾಡಿದ್ರೆ ನನ್ನ ಹೊಟ್ಟೆ ತುಂಬತ್ತಾ ಡಾಕ್ಟ್ರೇ?” ಎಂದರು ಶೈಲಜಮ್ಮ.

ಡಾಕ್ಟರು ನಕ್ಕರು, ಆದರೆ ಸೋಲಲಿಲ್ಲ. ಮಾತ್ರೆ ಬೆಳಿಗ್ಗೆ ಏಳೂವರೆಯೊಳಗೆ ಹೊಟ್ಟೆಗೆ ಹೋಗಲೇಬೇಕು, ದಾರಿ ನೀವೇ ಹುಡುಕಿ ಎಂದು ಚೀಟಿಯ ಮೇಲೆ ಗೆರೆ ಎಳೆದು ಕೊಟ್ಟರು. ಮನೆಗೆ ಬಂದವರೇ ಪಂಚಾಕ್ಷರಯ್ಯ ಹೆಂಡತಿಯ ಮುಂದೆ ಕೂತು, ನಿಜ ಹೇಳು, ಕೈ ಏಳುವುದಿಲ್ಲ ಎಂದರೆ ಎಷ್ಟು ಏಳುವುದಿಲ್ಲ ಎಂದು ಕೇಳಿದರು. ಅಷ್ಟು ಮೆತ್ತಗೆ ಅವರು ಕೇಳಿದ್ದು ಯಾವ ಕಾಲದಲ್ಲೋ. ಶೈಲಜಮ್ಮ ತಡೆಯಲಾಗದೆ ಲಿಂಗ ಮಡಿಲಿಗೆ ಜಾರಿದ್ದನ್ನು ಹೇಳಿಬಿಟ್ಟರು. ದಿಂಬಿನ ಮೇಲೆ ಮೊಳಕೈ ಊರಿ ನೋಡಿದೆ, ಅದೂ ಆಗಲಿಲ್ಲ, ಇನ್ನು ನನ್ನ ಕೈಗೆ ಲಿಂಗ ಒಲ್ಲದು ಅಂತ ಕಾಣುತ್ತದೆ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪಂಚಾಕ್ಷರಯ್ಯ ಎದ್ದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಕಲ್ಲು ಮನುಷ್ಯ ಎಂದು ಆಕೆಗೆ ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಆರಕ್ಕೆಲ್ಲ ಆ ಕಲ್ಲು ಮನುಷ್ಯ ಸ್ನಾನ ಮುಗಿಸಿ ನಿಂತಿದ್ದರು. ಸೊಸೆಗೆ ಬಿಸಿನೀರು ಹುಯ್ಯಲು ಹೇಳಿ, ಹೆಂಡತಿಯ ತೋಳು ಹಿಡಿದು ಎಬ್ಬಿಸಿದರು. ದೇವರಮನೆಯಲ್ಲಿ ಆಕೆಯ ಮಣೆಯ ಪಕ್ಕಕ್ಕೆ ತಮ್ಮ ಮಣೆ ಎಳೆದುಕೊಂಡು ಕೂತು, ಆಕೆಯ ಎಡಗೈಯ ಕೆಳಗೆ ತಮ್ಮ ಅಂಗೈ ಇಟ್ಟರು.

“ಲಿಂಗ ನಿನ್ನ ಕೈಲೇ ಇರ್ಲಿ,” ಎಂದರು. “ಕೈ ಭಾರ ಮಾತ್ರ ನನ್ಮೇಲೆ ಬಿಡು.”

ಶೈಲಜಮ್ಮ ಒಂದು ಗಳಿಗೆ ಬಿಗುಮಾನ ಮಾಡಿದರು. ಅರವತ್ತು ವರ್ಷ ಒಂಟಿ ಕೈಯಲ್ಲಿ ಮಾಡಿಕೊಂಡು ಬಂದವರಿಗೆ ಅದು ಸುಲಭವಲ್ಲ. ಆಮೇಲೆ ಬಿಟ್ಟರು. ಕೈ ನಿಧಾನವಾಗಿ ಎದೆ ದಾಟಿ, ಗದ್ದ ದಾಟಿ, ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಬಿಲ್ವಪತ್ರೆ ಏರಿಸಿದರು. ತೀರ್ಥ ತೆಗೆದುಕೊಂಡರು. ಏಳು ಗಂಟೆಗೆ ಎರಡು ಇಡ್ಲಿ, ಅದರ ಮೇಲೆ ಮೂರು ಮಾತ್ರೆ. ಅದನ್ನೂ ಲಿಂಗಕ್ಕೆ ತೋರಿಸಿಯೇ ನುಂಗಿದ್ದು ಎನ್ನುವುದು ಬೇರೆ ಮಾತು. ನಾಲ್ಕನೆಯ ಬೆಳಿಗ್ಗೆ ಅವರು ಯಾರ ಸಹಾಯವೂ ಇಲ್ಲದೆ ಮಂಚದಿಂದೆದ್ದು ಅಡುಗೆಮನೆಗೆ ಹೋಗಿ ಸೊಸೆಯನ್ನು ಹೆದರಿಸಿದರು. ಸೋಮವಾರಕ್ಕೆ ಡಾಕ್ಟರು ಹಾಲು ಬಾಳೆಹಣ್ಣಿನ ಮೇಲೆ ಮಾತ್ರೆಯೆಂದು ರಾಜಿ ಮಾಡಿಸಿದರು.

ಎದ್ದು ಓಡಾಡಿದರೂ ಭುಜ ಪೂರ್ತಿ ಬಂದಿರಲಿಲ್ಲ, ಹಾಗಾಗಿ ಯಜಮಾನರ ಕೈ ತಪ್ಪಲಿಲ್ಲ. ಎರಡು ನಿಮಿಷದ ಪೂಜೆಯವರು ದಿನಾ ಅರ್ಧ ಗಂಟೆ ಕೂರಬೇಕಾಯಿತು. ಸುಮ್ಮನೆ ಕೂರುವ ಜಾತಿಯಲ್ಲವಲ್ಲ, ತಮ್ಮ ಅಂಗೈ ಮೇಲೆ ಬೀಳುವ ಆಕೆಯ ಕೈಯ ತೂಕ ಹೇಳಲು ಶುರು ಮಾಡಿದರು. ಇವತ್ತು ಒಂದೂವರೆ ಸೇರು, ನಿನ್ನೆಗಿಂತ ಅರ್ಧ ಸೇರು ಕಮ್ಮಿ. ಪೂಜೆಯಲ್ಲಿ ತಕ್ಕಡಿ ಮಾತು ಬೇಡವೆಂದು ಆಕೆ ಗದರಿದರೂ ಮಾರನೆಯ ದಿನದ ತೂಕಕ್ಕೆ ಕಿವಿ ಕಾಯುತ್ತಿತ್ತು.

ಶ್ರಾವಣದ ಹೊತ್ತಿಗೆ ಮಾತ್ರೆ ಹತ್ತು ಮಿಲಿಗ್ರಾಮಿಗೆ ಇಳಿದಿತ್ತು. ಹಸಿವು ಹೆಚ್ಚಿ, ಮುಖ ಉಬ್ಬಿ ಗುಂಡಗಾಗಿತ್ತು. ಅಂಜಮ್ಮ ಕೆನ್ನೆ ಮುಟ್ಟಿ, ಪೂರಿ ಹಾಗೆ ಆಗಿದೀಯಲ್ಲೇ ಎಂದು ನಗೆಯಾಡಿದ್ದು ಶೈಲಜಮ್ಮನವರಿಗೆ ಚುಚ್ಚಿತು. ಮೊದಲ ಶ್ರಾವಣ ಸೋಮವಾರ ಹಾಲು ಹಣ್ಣೂ ಬೇಡವೆಂದು ಕಟ್ಟುನಿಟ್ಟಾಗಿ ಉಪವಾಸ ಮಾಡಿದರು, ಆ ನೆಪದಲ್ಲಿ ಮಾತ್ರೆಯೂ ಹೋಯಿತು. ಮಂಗಳವಾರ ನೋವಿರಲಿಲ್ಲ. ನೋವಿಲ್ಲದ ಮೇಲೆ ಮಾತ್ರೆ ಯಾಕೆ ಎಂದು ಅಂದೂ ಬಿಟ್ಟರು, ಬುಧವಾರವೂ ಬಿಟ್ಟರು. ಎಂಥ ದಡ್ಡತನ! ಗುರುವಾರ ಬೆಳಿಗ್ಗೆ ಮೈ ಹಿಡಿದಿತ್ತು, ತಲೆ ಸುತ್ತುತ್ತಿತ್ತು. ಯಾರಿಗೂ ತೋರಗೊಡದೆ ಪೂಜೆಗೆ ಕೂತರು. ಪಂಚಾಕ್ಷರಯ್ಯ ಕೈ ಕೊಟ್ಟವರು ತೂಕ ಹೇಳಲಿಲ್ಲ. ಆಕೆಯ ಮುಖವನ್ನೇ ನೋಡಿದರು.

“ಎಷ್ಟು ದಿನ ಆಯ್ತು ಮಾತ್ರೆ ಬಿಟ್ಟು?” ಎಂದರು.

ಪೂಜೆ ಮುಗಿಯುತ್ತಲೇ ಇಡ್ಲಿ ತಿನ್ನಿಸಿ, ಮಾತ್ರೆ ಕೈಗಿಟ್ಟು, ಆಟೋದಲ್ಲಿ ಕೂರಿಸಿಕೊಂಡು ಹೋದರು. ಡಾಕ್ಟರ್ ಮಹಾನಂದ ಆ ದಿನ ನಗಲಿಲ್ಲ. ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದೆಯೆಂದು ಮೈ ತಾನು ತಯಾರಿಸುವುದನ್ನು ಕಮ್ಮಿ ಮಾಡಿರುತ್ತದೆ, ತಟ್ಟನೆ ನಿಲ್ಲಿಸಿದರೆ ಅದೂ ಇಲ್ಲ ಇದೂ ಇಲ್ಲ, ಪ್ರಾಣಕ್ಕೇ ಬರಬಹುದಿತ್ತು ಎಂದು ಬಿಡಿಸಿ ಹೇಳಿದರು. ಮುಖ ಆಮೇಲೆ ಇಳಿಯುತ್ತದೆ, ಮೊದಲು ನೀವು ಇರಬೇಕಲ್ಲ ಎಂದರು. ಶೈಲಜಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡರು. ವಾಪಸು ಬರುವಾಗ ಆಟೋದಲ್ಲಿ ಯಜಮಾನರು ಮಾತ್ರೆಯ ಚೀಟಿಯನ್ನು ಮಡಿಸದೆ ದಾರಿಯುದ್ದಕ್ಕೂ ಓದುತ್ತಲೇ ಇದ್ದರು, ಆಕೆಗೆ ಬೈಸಿಕೊಂಡದ್ದಕ್ಕಿಂತ ಅದೇ ಹೆಚ್ಚು ನಾಟಿತು. ಆಮೇಲೆ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಇಳಿಜಾರಿನ ದಾರಿ. ಒಂಬತ್ತು, ಎಂಟು, ಏಳೂವರೆ. ಒಮ್ಮೆ ನೋವು ಮರುಕಳಿಸಿ ಮತ್ತೆ ಒಂದು ಮೆಟ್ಟಿಲು ಮೇಲೆ. ಆಮೇಲೆ ಮತ್ತೆ ಕೆಳಗೆ. ಮುಖ ಮೊದಲಿನ ಆಕಾರಕ್ಕೆ ಬಂತು. ಎರಡು ಸಾವಿರದ ದೀಪಾವಳಿಯ ಸುಮಾರಿಗೆ ಒಂದು ಬೆಳಿಗ್ಗೆ ಕೈ ಎತ್ತುವಾಗ ಶೈಲಜಮ್ಮನವರಿಗೆ ಗೊತ್ತಾಯಿತು, ಕೈ ತಾನಾಗಿಯೇ ಏಳುತ್ತಿದೆ. ಕೆಳಗಿನ ಕೈ ಬರೀ ಇದೆ, ಅಷ್ಟೆ. ಹೇಳಬೇಕೆಂದು ಬಾಯಿ ತೆರೆದವರು ಮುಚ್ಚಿಕೊಂಡರು. ಹೇಳಿದರೆ ನಾಳೆಯಿಂದ ಮತ್ತೆ ಎರಡು ನಿಮಿಷದ ಪೂಜೆ, ಶರ್ಟಿನ ಗುಂಡಿ. ನಲವತ್ತೈದು ವರ್ಷದ ಸಂಸಾರದಲ್ಲಿ ಗಂಡ ದಿನಾ ಅರ್ಧ ಗಂಟೆ ಮಗ್ಗುಲಲ್ಲಿ ಕೂತದ್ದು ಈ ಕಾಯಿಲೆಯ ದಯದಿಂದ. ತೂಕ ಹೇಳುವುದನ್ನು ಯಜಮಾನರು ಯಾವಾಗಲೋ ನಿಲ್ಲಿಸಿದ್ದರು, ಮರೆತಿರಬೇಕೆಂದು ಆಕೆ ಕೇಳಲೂ ಹೋಗಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಶೈಲಜಮ್ಮ ಸುಮ್ಮನಿರುವುದು ಸುಳ್ಳಲ್ಲವೆಂದು ತೀರ್ಮಾನ ಮಾಡಿಕೊಂಡರು.

ಗುಟ್ಟು ರಟ್ಟಾದದ್ದು ಮುಂದಿನ ಆಷಾಢದಲ್ಲಿ, ಡಾಕ್ಟರ ಕೋಣೆಯಲ್ಲಿ. ಎರಡೂವರೆ ಮಿಲಿಗ್ರಾಮಿಗೆ ಇಳಿಸುವ ಮುಂಚೆ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೇ ಬರಹೇಳಿದ್ದರು. ಎರಡೂ ಕೈ ಎತ್ತಿ ನೋಡೋಣ ಎಂದರು. ಶೈಲಜಮ್ಮ ಮಾತಿಗೆ ಸಿಕ್ಕಿ ಮೈಮರೆತು ಎರಡೂ ಕೈಯನ್ನು ಕಿವಿ ದಾಟಿಸಿ ನೆಟ್ಟಗೆ ಮೇಲೆತ್ತಿಬಿಟ್ಟರು. ಎಷ್ಟು ದಿನದಿಂದ ಹೀಗಿದೆ ಎಂದರೆ, ಬಹಳ ದಿನವಾಯಿತು ಎಂದು ಬಾಯಿಯೂ ಜಾರಿತು. ತಿರುಗಿ ನೋಡಿದರೆ ಪಂಚಾಕ್ಷರಯ್ಯ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ದಾರಿಯಲ್ಲೂ ಆ ಮಾತು ಎತ್ತಲಿಲ್ಲ. ಶೈಲಜಮ್ಮನವರಿಗೆ ಅಂದು ಮಧ್ಯಾಹ್ನ ಊಟ ರುಚಿಸಲಿಲ್ಲ. ಇಷ್ಟು ದಿನ ಸುಮ್ಮನೆ ಕೂರಿಸಿಕೊಂಡಳಲ್ಲ ಎಂದು ಬೇಜಾರಾಗಿರಬೇಕು, ನಾಳೆ ಬರಲಾರರು ಎಂದುಕೊಂಡರು.

ಮರುದಿನ ಆರೂವರೆಗೆ ಒಬ್ಬರೇ ಮಣೆಯ ಮೇಲೆ ಕೂತು ಕರಡಿಗೆ ಬಿಚ್ಚಿದರು. ಪಕ್ಕದಲ್ಲಿ ಮಣೆ ಎಳೆದ ಸದ್ದಾಯಿತು. ಯಜಮಾನರು ಎಂದಿನಂತೆ ಕೂತು, ಎಂದಿನಂತೆ ಆಕೆಯ ಎಡಗೈಯ ಕೆಳಗೆ ಅಂಗೈ ಇಟ್ಟರು.

“ಇನ್ನು ಬೇಕಾಗಿಲ್ಲಾರೀ,” ಎಂದರು ಶೈಲಜಮ್ಮ, ದನಿ ಸಣ್ಣದಾಗಿತ್ತು. “ನಿನ್ನೆ ನೋಡಿದ್ರಲ್ಲ.”

“ನಿನ್ನೆ ಏನ್ ನೋಡೋದು? ನಿನ್ನ ಕೈ ಭಾರ ಬಿಟ್ಟು ಎಂಟು ತಿಂಗಳಾಯ್ತು ಕಣೇ. ತೂಕ ಗೊತ್ತಾಗ್ದೇ ಇರಕ್ಕೆ ನಾನೇನು ಬಟ್ಟೆ ಅಂಗಡಿಯವನಾ?”

ಆಕೆ ತಿರುಗಿ ಅವರನ್ನೇ ನೋಡಿದರು.

“ನನ್ನ ಮುಖ ಏನ್ ನೋಡ್ತೀಯ, ಲಿಂಗ ನೋಡು,” ಎಂದರು ಪಂಚಾಕ್ಷರಯ್ಯ. “ಇಡ್ಲಿ ಆರ್ತಾ ಇದೆ.”

ಶೈಲಜಮ್ಮ ಕೈ ಎತ್ತಿದರು. ಕೆಳಗಿನ ಕೈಯೂ ಜೊತೆಗೇ ಎದ್ದಿತು.