ಪದಕ ತೆಗೆದಿಟ್ಟ ಮೇಲೆ ಕಂಡದ್ದು

ಧಾರವಾಡದ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತೇನೆ. ಹೋದ ವರ್ಷ ಹಿರಿಯರೊಬ್ಬರು ಬೆನ್ನುನೋವೆಂದು ಬಂದರು. ಮಿಷನ್ ಶಾಲೆಯೊಂದರ ಸಮಾರಂಭಕ್ಕೆ ಅತಿಥಿಯಾಗಿ ಹೋದವರು, ನೋವು ತಡೆಯಲಾಗದೆ ಅಲ್ಲಿಂದ ನೇರ ಇಲ್ಲಿಗೇ ಬಂದಿದ್ದರು. ಕೋಟಿನ ಮೇಲೆ ಪದಕವೊಂದಿತ್ತು.

“ಲೋಹದ್ದು ಏನೂ ಇರಬಾರದ್ರಿ ಕಾಕಾ, ಅದನ್ನೂ ತಗೀಬೇಕು,” ಅಂದೆ. ಹೇಳುವಾಗ ನನಗೇ ಮುಜುಗರವಾಯಿತು. ಅವರು ಸುಮ್ಮನೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು.

ಪರದೆಯ ಮೇಲೆ ಚಿತ್ರ ಬಂತು. ಬೆನ್ನುಮೂಳೆಯ ಎರಡು ಮಣಿಗಳು ಎಂದೋ ಜಜ್ಜಿ ಚಪ್ಪಟೆಯಾಗಿದ್ದವು.

“ಹಿಂದ ಯಾವಾಗರೆ ಎತ್ತರದಿಂದ ಬಿದ್ದಿದ್ರೇನ್ರಿ?”

“ಬಿದ್ದಿದ್ದಿಲ್ಲ ತಂಗಿ, ಮ್ಯಾಲ ಚಿಮ್ಮಿದ್ದೆ.”

ಯುದ್ಧದಲ್ಲಿ ಅವರ ಫೈಟರ್ ವಿಮಾನಕ್ಕೆ ಗುಂಡು ತಾಗಿ ಬೆಂಕಿ ಹತ್ತಿತ್ತಂತೆ. ಹೇಗೋ ನಮ್ಮ ಗಡಿಯೊಳಗೆ ಬಂದರೆ ಕೆಳಗೊಂದು ಹಳ್ಳಿ. ಅದನ್ನು ದಾಟುವವರೆಗೂ ಉರಿಯುವ ವಿಮಾನದಲ್ಲೇ ಕೂತಿದ್ದು, ಆಮೇಲೆ ಕುರ್ಚಿ ಸಮೇತ ಹೊರಗೆ ಚಿಮ್ಮಿಸುವ ಹಿಡಿಕೆ ಎಳೆದರು. ಕುರ್ಚಿ ಅವರನ್ನು ಆಕಾಶಕ್ಕೆ ಎಸೆದ ಹೊಡೆತಕ್ಕೆ ಬೆನ್ನು ಮುರಿಯಿತು.

“ಪದಕ ಕೊಡೋ ದಿನ ಅಂಗಿ ಒಳಗ ಬೆನ್ನಿಗೆ ಪಟ್ಟಿ ಬಿಗಿದಿದ್ರು. ಎಷ್ಟು ನೆಟ್ಟಗ ನಿಂತಾನ ನೋಡ್ರಿ ಅಂತ ಎಲ್ಲಾರೂ ಹೊಗಳಿದ್ರು. ನನಗ ಬಗ್ಗಾಕ ಬರ್ತಿದ್ದಿಲ್ಲ, ಅಷ್ಟ.”

“ಆ ಹಳ್ಳಿ ಮಂದಿಗೆ ಇದು ಗೊತ್ತೈತೇನ್ರಿ?”

“ಅವರು ಹೊಲದಾಗ ಕೆಲಸ ಮಾಡಾಕತ್ತಿದ್ರು. ತಲಿ ಎತ್ತಿ ನೋಡಿದ್ರೋ ಇಲ್ಲೋ.”

ಕೋಟು ತೊಡಿಸಿದೆ. ಪದಕ ಎಲ್ಲಿ ಚುಚ್ಚಬೇಕೆಂದು ತಿಳಿಯಲಿಲ್ಲ. ಅವರೇ ನನ್ನ ಬೆರಳು ಹಿಡಿದು ಸರಿಯಾದ ಜಾಗ ತೋರಿಸಿದರು.

ಅವರು ಹೋದ ಮೇಲೆ ಡಾಕ್ಟರಿಗೆ ಕಳಿಸುವ ಚೀಟಿ ತುಂಬಲು ಕೂತೆ. ಕಾರಣ ಬರೆಯಲು ಅದರಲ್ಲಿ ಎರಡು ಬೆರಳಷ್ಟೇ ಜಾಗ. ಬಹಳ ಹೊತ್ತು ಯೋಚಿಸಿ, ‘ಹಳೆಯ ಪೆಟ್ಟು’ ಎಂದು ಬರೆದೆ.