ಅಶ್ವತ್ಥಕಟ್ಟೆಯ ಹಳೆಯ ಪಟಗಳು

ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯ ತುದಿಯಲ್ಲಿ ಒಂದು ಅಶ್ವತ್ಥಕಟ್ಟೆಯಿದೆ. ದೇವರಮನೆಯಲ್ಲಿ ಹೊಸ ಪಟ ಹಾಕಿದವರು ಹಳೆಯದನ್ನು ಬೆಳಗಿನ ಜಾವ ತಂದು, ಮರಕ್ಕೆ ಒರಗಿಸಿ, ಕೈಮುಗಿದು ಹೋಗುತ್ತಾರೆ. ದೇವರನ್ನು ಕಸಕ್ಕೆ ಹಾಕಬಾರದೆಂಬುದು ಅವರ ಭಕ್ತಿ. ಗಾಳಿಗೆ, ನಾಯಿಗಳ ಓಡಾಟಕ್ಕೆ ಪಟ ಬಿದ್ದು ಗಾಜು ಒಡೆಯುತ್ತದೆ. ಒಡೆದದ್ದನ್ನು ಆರಿಸಬೇಕಾದವರು ನಮ್ಮ ಬೀದಿಯ ಪೌರಕಾರ್ಮಿಕ ಮಹಿಳೆ. ಅವರಿಗೆ ಕೈಗವಸು ಕೊಟ್ಟಿರುವುದಾಗಿ ಪಾಲಿಕೆಯ ಕಡತ ಹೇಳುತ್ತಿತ್ತು. ಅವರ ಬಲಗೈ ಹೆಬ್ಬೆರಳಿನ ಬುಡದ ಹೊಲಿಗೆ ಬೇರೆಯದನ್ನೇ ಹೇಳುತ್ತಿತ್ತು.

ತಪ್ಪು ಕಂಡಲ್ಲಿ ಬರೆಯದೆ ಇರಲು ನನಗೆ ಬಾರದು. ಕಟ್ಟೆಯ ಚಿತ್ರ ತೆಗೆದು, ಭಕ್ತಿಯ ಹೆಸರಿನಲ್ಲಿ ಒಬ್ಬ ಹೆಂಗಸಿನ ಕೈ ಕೊಯ್ಯುವುದು ಹಿಂಸೆಯೇ ಎಂದು ಬರೆದು, ದೂರು ಸ್ವೀಕರಿಸುವ ಆ್ಯಪ್‌ಗೆ ಕಳುಹಿಸಿದೆ. ಎರಡು ದಿನಗಳ ಮೇಲೆ, ಕಸದ ಆಟೋ ಬಂದು ನಿಂತಾಗ, ಅವರು ನೇರವಾಗಿ ನಮ್ಮ ಗೇಟಿಗೆ ಬಂದರು.

“ಅಕ್ಕಾ, ಕಟ್ಟೆ ಫೋಟೋ ಹಾಕಿದ್ದು ನೀವಂತೆ?”

“ಹೌದು. ನಿಮ್ಮ ಪರವಾಗಿಯೇ ಹಾಕಿದ್ದು.”

“ನನ್ ಪರವಾಗಿ ಬೈಗುಳಾನೂ ನಂಗೇ ಬಂತು. ಶುಕ್ರವಾರ ನಮ್ ಕೆಲ್ಸ ನೋಡ್ಕೊಳ್ಳೋ ಮೇಸ್ತ್ರಿ ನೋಡೋಕ್ ಬರ್ತಾರೆ. ಕಟ್ಟೆ ಹಿಂಗೇ ಇದ್ರೆ ನನ್ನ ಹೆಬ್ಬಾಳದ್ ಕಡೆ ಹಾಕ್ತಾರಂತೆ.”

ಅವರ ಮನೆ ಶ್ರೀರಾಂಪುರದಲ್ಲಿ. ಅತ್ತೆ ಹಾಸಿಗೆ ಹಿಡಿದಿದ್ದಾರೆ. ಹತ್ತು ಗಂಟೆಗೆ ಓಡಿಹೋಗಿ, ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಮತ್ತೆ ಓಡಿಬರುತ್ತಾರೆ. ಹೆಬ್ಬಾಳದಿಂದ ಅದು ಆಗದ ಮಾತು. ಇಷ್ಟು ವರ್ಷ ನಾನು ಇದನ್ನು ಕೇಳಿ ತಿಳಿದುಕೊಂಡಿರಲಿಲ್ಲ. ಇಂಥ ದೂರು ಮೇಲಿನಿಂದ ಇಳಿಯುತ್ತ ಇಳಿಯುತ್ತ ಎಲ್ಲರಿಗಿಂತ ಕೆಳಗೆ ನಿಂತವರ ತಲೆಯ ಮೇಲೆ ಬೀಳುತ್ತದೆಂಬುದನ್ನು, ವ್ಯವಸ್ಥೆಯ ಬಗ್ಗೆ ಅಷ್ಟೊಂದು ಮಾತನಾಡುವ ನಾನು ಊಹಿಸಬೇಕಿತ್ತು.

ಕಟ್ಟೆಗೆ ಎಚ್ಚರಿಕೆಯ ಬೋರ್ಡ್ ಹಾಕಿಸುತ್ತೇನೆ ಎಂದೆ. ಅವರು ನಕ್ಕರು.

“ಇಲ್ಲಿ ಕಸ ಹಾಕ್ಬೇಡಿ ಅಂತ ತಾನೆ? ಅವ್ರು ಇಡ್ತಿರೋದು ಕಸ ಅಂತ ಯಾರಕ್ಕಾ ಅಂದ್ಕೊಂಡಿರೋದು? ಬೋರ್ಡಿಗೂ ಒಂದು ಕುಂಕುಮ ಇಟ್ಟು ಹೋಗ್ತಾರೆ.”

ಮರುದಿನ ಆಟೋದ ಪಕ್ಕದಲ್ಲಿ ಒಂದು ಹೊಸ ಚೀಲ ತೂಗುತ್ತಿತ್ತು. ಅದರ ಬಾಯಿಗೆ ಒಗೆದ ಹಳದಿ ಬಟ್ಟೆ ಹೊದಿಸಿತ್ತು. ಪ್ರತಿ ಮನೆಯ ಮುಂದೆಯೂ ಅವರು ಕೂಗಿದರು: “ಹಳೇ ದೇವರ ಪಟ ಇದ್ರೆ ಕೊಡಿ ಅಮ್ಮಾ. ಇಲ್ಲೇ ಮಂಗಳಾರತಿ ಮಾಡಿ, ತಟ್ಟೇಲಿಟ್ಟು ಕೊಡಿ.”

ಮೂಲೆಮನೆಯ ಅಜ್ಜಿ ಅಂದಿನವರೆಗೂ ಕಸದ ಬಕೆಟ್ಟನ್ನು ಗೇಟಿನಾಚೆ ಇಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದವರು. ಅದು ಮಡಿಯಲ್ಲ, ಅಸ್ಪೃಶ್ಯತೆ. ಬೇರೆ ಹೆಸರಿಡಲು ನಾನು ಸಿದ್ಧಳಿಲ್ಲ. ಆ ದಿನ ಅವರು ಲಕ್ಷ್ಮಿಯ ಪಟವನ್ನು ಎದೆಗವಚಿಕೊಂಡು ಗೇಟು ದಾಟಿ ಬಂದರು.

“ಇವಳನ್ನ ಏನ್ ಮಾಡ್ತೀಯೇ?”

“ಲಕ್ಷ್ಮೀನ ನಾನ್ಯಾಕ್ ಒಯ್ಲಿ ಅಜ್ಜಿ? ಆಯಮ್ಮ ನಿಮ್ಮನೇಲೇ ಇರ್ತಾಳೆ. ನಾನ್ ತಗೊಂಡೋಗ್ತಿರೋದು ಗಾಜು, ಕಟ್ಟು, ಪೇಪರು.”

ಅಜ್ಜಿ ಪಟ ಚಾಚಿದರು. ಇವರು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಿಂದ ಪಡೆದು ಕಣ್ಣಿಗೊತ್ತಿಕೊಂಡರು. ನನ್ನ ಯಾವ ಭಾಷಣವೂ ಆ ಗೇಟನ್ನು ತೆರೆಸಿರಲಿಲ್ಲ.

ಆಮೇಲೆ ನಮ್ಮ ಜಗಲಿಯ ಮೇಲೆ ಕುಳಿತು ಅವರು ಪಟ ಬಿಚ್ಚುವುದನ್ನು ನೋಡಿದೆ. ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಬ್ಬಿಸಿ, ಗಾಜು ಒಡೆಯದಂತೆ ಜಾರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಣಕಸ ಕೇಂದ್ರಕ್ಕೆಂದು ಎತ್ತಿಟ್ಟರು. ಮರದ ಕಟ್ಟು ಬೇರೆ, ಮೊಳೆ ಬೇರೆ, ಚಿತ್ರದ ಹಾಳೆ ಬೇರೆ. ಕೈಗವಸು ನಾನು ತಂದುಕೊಟ್ಟದ್ದು. ಅದನ್ನು ಒದಗಿಸಬೇಕಾದವರ ಹೊಣೆ ಇದರಿಂದ ತೀರಲಿಲ್ಲವೆಂದು ಪತ್ರವನ್ನೂ ಬರೆದೆ, ಈ ಬಾರಿ ಅವರಿಗೆ ಓದಿ ತೋರಿಸಿ, ಅವರು ಹೂಂ ಎಂದ ಮೇಲೆ.

ಶುಕ್ರವಾರ ಹತ್ತು ಗಂಟೆಗೆ ಸ್ವಲ್ಪ ಮುಂಚೆ ಮೇಸ್ತ್ರಿ ಬಂದರು. ಕಟ್ಟೆಯನ್ನು ಒಂದು ಸುತ್ತು ಹಾಕಿದರು. ಬೇರಿನ ಸಂದಿಯಲ್ಲಿ ಬಗ್ಗಿ ನೋಡಿದರೂ ಗಾಜಿನ ಚೂರು ಸಿಗಲಿಲ್ಲ.

“ಸರಿ, ನೀನು ಇಲ್ಲೇ ಇರು. ಪಕ್ಕದ ಬೀದಿಯವರಿಗೂ ಈ ಚೀಲದ ಉಪಾಯ ಹೇಳ್ಕೊಡ್ಬೇಕಲ್ಲಮ್ಮ. ಈಗ್ಲೇ ಬಾ.”

ಆಟೋದ ಹಿಡಿಗೆ ಸಿಕ್ಕಿಸಿದ್ದ ಊಟದ ಚೀಲವನ್ನು ಅವರು ಹೆಗಲಿಗೇರಿಸಿಕೊಂಡರು.

“ಹೇಳ್ಕೊಡ್ತೀನಿ ಸಾರ್. ಹತ್ತೂವರೆ ಆಗ್ಲಿ,” ಎಂದು ಶ್ರೀರಾಂಪುರದ ಕಡೆಗೆ ಹೊರಟರು.