ಹಗ್ಗದ ಮಾವ ಬಿಚ್ಚಿ ತಂದ ಡಬ್ಬಿ

ನನ್ನ ಸೋದರಮಾವನನ್ನು ದೋಣಿ ಕಟ್ಟುವ ದಕ್ಕೆಯವರೆಲ್ಲ ಹಗ್ಗದ ಮಾವ ಎಂದೇ ಕರೆಯುವುದು. ದೋಣಿಯ ಜಿಪಿಎಸ್, ದಿಕ್ಸೂಚಿ, ನೀರಿನ ಆಳ ತೋರಿಸುವ ಯಂತ್ರ, ಇವೆಲ್ಲದರ ತಂತಿಗಳನ್ನು ಒಂದು ಪುಟ್ಟ ಡಬ್ಬಿಗೆ ಸೇರಿಸಿ, ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು ಅವನ ಕಸುಬು. ಅವನ ಅಂಗಡಿಯಲ್ಲಿ ತಂತಿ ಸುಲಿಯುವವಳು ನಾನು. ಇಷ್ಟೆಲ್ಲ ಜೋಡಿಸಿದರೂ ಪರದೆಯ ಮಾತನ್ನು ಮಾವ ಒಂದು ದಿನವೂ ನಂಬಿದವನಲ್ಲ. ಎರಡು ತೋಳು ಚಾಚಿದಷ್ಟು ಉದ್ದದ ಮಾರಿಗೊಂದು ಗಂಟು ಹಾಕಿ, ತುದಿಗೆ ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಇಳಿಬಿಡುತ್ತಿದ್ದ. ಗಂಟಿನ ಲೆಕ್ಕವೂ ಪರದೆಯ ಲೆಕ್ಕವೂ ತಾಳೆಯಾದರೆ ಮಾತ್ರ ಕೆಲಸ ಮುಗಿಯಿತು ಎನ್ನುತ್ತಿದ್ದ. ಬರುವಾಗ ಹಗ್ಗವನ್ನು ಆ ದೋಣಿಯಲ್ಲೇ ಬಿಟ್ಟು ಬರುತ್ತಿದ್ದ.

"ಕಂಪ್ಯೂಟರ್ ಹಾಕೋನೇ ಹಗ್ಗ ಕೊಟ್ರೆ ಹೆಂಗೆ ಮಾವ?" ಎಂದು ಜನ ನಗುತ್ತಿದ್ದರು. ಸುಳ್ಳೇಕೆ, ನಾನೂ ನಗುತ್ತಿದ್ದೆ.

ಅತ್ತೆ ತೀರಿಕೊಂಡ ಮೇಲೆ ಅವನಿಗೆ ಉಳಿದವಳು ಒಬ್ಬಳೇ ಮಗಳು. ಸರಕಿನ ದೋಣಿ ನಡೆಸುತ್ತಾಳೆ. ಅಪ್ಪನಷ್ಟೇ ಹಠ, ಅಪ್ಪನಿಗಿಂತ ಜೋರು ಬಾಯಿ. ಅವನು ಕೊಟ್ಟ ಹಗ್ಗವನ್ನು ಕ್ಯಾಬಿನ್ನಿನೊಳಗೆ ಅಡ್ಡ ಕಟ್ಟಿ ಬಟ್ಟೆ ಒಣಗಿಸುತ್ತಾಳೆ.

ಅವಳ ದೋಣಿಗೆ ಹೊಸ ಲ್ಯಾಪ್‌ಟಾಪ್ ಕೂರಿಸುವಾಗ ಡಬ್ಬಿಯ ಬೆಸುಗೆಯೊಂದು ಸಡಿಲಾಗಿತ್ತು. ಅದು ಇರುವುದು ಹಲಗೆಯ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ. ಮಾವ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ನಕ್ಷೆಯಾದರೂ ಸರಿಯಾಗಿ ಓಡುತ್ತದೋ ನೋಡೋಣವೆಂದು ಹಳೆಯ ಪಯಣವೊಂದರ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಓಡಿಸಿದ. ಅದೂ ಇದೇ ದಕ್ಕೆಯಿಂದ ಹೊರಟು, ಬಂಡೆಗಳ ನಡುವಿನ ಇದೇ ದಾರಿಯಲ್ಲಿ ಸಾಗಿದ ಪಯಣ. ಪರದೆಯ ನಕ್ಷೆಯ ಮೇಲೆ ದೋಣಿಯ ಗುರುತು ಸಾಗಿತು, ಆಳದ ಅಂಕಿಗಳೂ ಮೂಡಿದವು; ಎಲ್ಲ ಸರಿಯಾಗಿತ್ತು. ಮಗಳು ಹೊರಡಲು ಇನ್ನೂ ಸಮಯವಿದೆ ಎಂದು ಮನೆಗೆ ಬಂದ.

ಮರುದಿನ ಬೆಳಿಗ್ಗೆ ಮಂಜು ಕವಿದು ಅಂಗಡಿಯ ಬಾಗಿಲಿನಿಂದ ದಕ್ಕೆಯೇ ಕಾಣುತ್ತಿರಲಿಲ್ಲ. ಮಾವ ಡಬ್ಬಿಗೆ ಬೆಸುಗೆ ಹಾಕುತ್ತಿದ್ದ. ದೋಣಿಗಳೊಡನೆ ಮಾತಾಡುವ ರೇಡಿಯೋ ಗೊರಗುಟ್ಟಿತು.

"ಅಪ್ಪಾ, ಹೊರಟ್ಬಿಟ್ಟೆ. ಸರಕು ಇವತ್ತೇ ಬೇಕಂತೆ."

"ಈ ಮಂಜಲ್ಲಾ? ತಲೆ ನೆಟ್ಟಗಿದ್ಯಾ ನಿಂಗೆ?"

"ನೀನು ಹಾಕಿಕೊಟ್ಟಿದ್ದು ಇದ್ಯಲ್ಲ! ಲ್ಯಾಪ್‌ಟಾಪ್ ತೆಗೆದ ತಕ್ಷಣ ಶುರುವಾಯ್ತು. ಆರು ಮಾರು ನೀರು ತೋರಿಸ್ತಿದೆ. ಪರದೆಲಿ ದೋಣಿ ತಿರುಗಿದ ಹಾಗೆ ನಾನೂ ತಿರುಗಿಸ್ಕೊಂಡು ಹೋಗ್ತಿದೀನಿ."

ಮಾವ ಹೆಮ್ಮೆಯಿಂದ ನನ್ನತ್ತ ನೋಡಿ ನಕ್ಕ. ಆಮೇಲೆ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ.

"ಇದು ಇಲ್ಲಿದೆಯಲ್ಲೇ," ಎಂದ. "ಇದಿಲ್ದೆ ಅಲ್ಲೇನು ಓಡ್ತಿದೆ?" ಉತ್ತರ ಅವನಿಗೇ ಹೊಳೆಯಿತು. "ಅಯ್ಯೋ, ನಿನ್ನೆ ಓಡಿಸಿದ ಹಳೇ ಪಯಣಾನ ತೆಗೀದೇ ಬಂದ್ಬಿಟ್ಟೆ. ಅವಳು ಅದನ್ನ ನೋಡ್ಕೊಂಡು ಹೋಗ್ತಿದಾಳೆ."

ಮಾವ ರೇಡಿಯೋದಲ್ಲಿ ಕೂಗಿದ. ಬರೀ ಗೊರಗೊರ. ಮತ್ತೆ ಕೂಗಿದ, "ಪುಟ್ಟೀ!" ಎಂದು ಚಿಕ್ಕಂದಿನ ಹೆಸರು ಹಿಡಿದು ಕೂಗಿದ. ನಾನು ಬಾಗಿಲಿಗೆ ಓಡಿದೆ. ಆ ಮಂಜಿನಲ್ಲಿ ಏನು ಕಾಣಬೇಕು, ನನ್ನ ತಲೆ! ದೂರದಲ್ಲಿ ಅವಳ ಹಾರ್ನ್ ಒಮ್ಮೆ ಕೇಳಿಸಿ ನಿಂತಿತು. ಅದು ಬರಬೇಕಾದ ದಿಕ್ಕಿನಿಂದ ಬರಲಿಲ್ಲ.

"ಏನಪ್ಪಾ? ಹಾರ್ನ್ ಹೊಡೀತಿದ್ದೆ, ಕೇಳಿಸ್ಲಿಲ್ಲ."

"ಎಂಜಿನ್ ಬಂದ್ ಮಾಡು. ಲಂಗರು ಬಿಡು. ಪರದೆ ನೋಡ್ಬೇಡ, ಹಗ್ಗ ಇಳಿಸು."

"ಹಗ್ಗದ ಮೇಲೆ ಬಟ್ಟೆ..."

"ಬಟ್ಟೆ ನೀರಿಗೆ ಎಸಿ! ಕೈ ಮುಗೀತೀನಿ ಕಣೇ, ಹೇಳಿದಷ್ಟು ಮಾಡು."

ರೇಡಿಯೋ ಸುಮ್ಮನಾಯಿತು. ಅವಳ ದೋಣಿಯ ಹೊಟ್ಟೆ ನೆಲಕ್ಕೆ ತಾಗದಿರಲೇ ಒಂದು ಮಾರು ನೀರು ಬೇಕು. ಮಾವನ ತುಟಿ ಅಲುಗುತ್ತಿತ್ತು, ದೇವರ ಹೆಸರೋ ಗಂಟಿನ ಲೆಕ್ಕವೋ ತಿಳಿಯಲಿಲ್ಲ. ಬೆಸುಗೆಯ ಕಡ್ಡಿ ಮೇಜನ್ನು ಸುಡುತ್ತಿದ್ದರೂ ಇಬ್ಬರೂ ಎತ್ತಲಿಲ್ಲ.

ಕೊನೆಗೆ ಅವಳ ದನಿ ಬಂತು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಒಂದೇ ಗಂಟು ಒದ್ದೆಯಾಯ್ತು ಅಪ್ಪಾ. ಮುಂದೆ ಎಲ್ಲೋ ಬಂಡೆಗೆ ನೀರು ಬಡೀತಿದೆ."

"ಲಂಗರು ಕಚ್ಚಿದ್ಯಾ?"

"ಕಚ್ಚಿದೆ. ದೋಣಿ ನಿಂತಿದೆ."

ಮಾವ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟ. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

"ಪರದೆ ಮೇಲೆ ದೋಣಿ ಇನ್ನೂ ಹೋಗ್ತಾನೇ ಇದೆ ಅಪ್ಪಾ," ಎಂದಳು.